ಹೊಟ್ಟೆಯಿಲ್ಲದ ಯಂತ್ರ

ಹಲಾಪ,
ಮಾರ್ಚ್ 14

ಬಾಗಿಲು ಹಾಕಿಕೊಂಡು ಕೂತಿರುವ ನನ್ನ ಅಮ್ಮನಿಗೆ,

ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಒಲೆಗೆ ಹಾಕುವ ಮೊದಲು ಒಮ್ಮೆ ಓದದೆ ಇರಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಹಳೆ ಊದುವ ದೋನ್ ಎರಾಸ್ಮೊ ನಾಳೆ ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಗ್ಲೂಕೋಸ್ ಏರಿಸುವುದನ್ನು ನಿಲ್ಲಿಸಿದ್ದಾರೆ, ಮುಖಕ್ಕೆ ಕಳೆ ಬಂದಿದೆ. ಆದರೆ ಎಪ್ಪತ್ತು ದಾಟಿದ ಮನುಷ್ಯ, ಮೊದಲೇ ಎದೆಯ ತೊಂದರೆ ಇರುವವರು. ಇನ್ನೊಂದು ಲೋಟ ಚಹಾ ಕುಡಿದಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ನನಗೆ ನೇರವಾಗಿ ಹೇಳಿದರು.

ಚಪ್ಪಲಿ ಅಂಗಡಿಯವರ ಮದುವೆಯಲ್ಲಿ ದೋನ್ ಎರಾಸ್ಮೊ ಎರಡನೆಯ ಸಲ ಮೋಲೆ ಸಾರು ಬೇಡವೆಂದದ್ದೇ ತಪ್ಪಾಯಿತು. ‘ಇವ್ರಿಗೆ ಹೊಟ್ಟೆ ಕಟ್ಟಿದೆ’ ಎಂದು ನೀನೇ ತೀರ್ಮಾನಿಸಿ, ಫ್ಲಾಸ್ಕಿನಿಂದ ನಿನ್ನ ಭೇದಿ ಚಹಾ ಬಗ್ಗಿಸಿ ಕೊಟ್ಟೆ. ಸಂಜೆ ಮದುಮಕ್ಕಳು ಕುಣಿಯುತ್ತಿದ್ದಾಗ ಅವರು ಕಹಳೆಯನ್ನು ಮದುಮಗನ ಕೈಗಿಟ್ಟು ಓಡಿದರಂತೆ. ಮದುಮಗ ಏನೋ ಗೌರವವೆಂದುಕೊಂಡು ಊದಿಯೂ ನೋಡಿದನಂತೆ.

ಅವರ ಕೋಟಿನ ಜೇಬಿನಲ್ಲಿ ಸಿಕ್ಕ ಪೊಟ್ಟಣವನ್ನು ಡಾಕ್ಟರು ಪರೀಕ್ಷೆಗೆಂದು ನಮ್ಮ ಪ್ರಯೋಗಾಲಯಕ್ಕೇ ಕಳಿಸಿದರು. ಕಟ್ಟಿದ ಕೆಂಪು ದಾರ ನೋಡಿದ ಕೂಡಲೇ ಅದು ನಿನ್ನ ಪೊಟ್ಟಣವೆಂದು ಗೊತ್ತಾಯಿತು. ಅಜ್ಜಿಯ ಕಾಲದಿಂದ ನೀವು ಹಾಕುತ್ತಿದ್ದ ಬಳ್ಳಿಯ ಬೇರನ್ನೇ ಅಲ್ಲವೇ ನಾನು ಇಷ್ಟು ವರ್ಷ ಅರೆದು, ಸೋಸಿ, ಯಂತ್ರಕ್ಕೆ ಉಣಿಸುತ್ತಿರುವುದು? ಬೇರಿನ ರಸ ಹಾಕಿದರೆ ಯಂತ್ರ ಸಾಲು ಗುಡ್ಡಗಳಂಥ ಗೆರೆ ಬರೆಯುತ್ತದೆ. ನಿನ್ನ ಚಹಾಕ್ಕೆ ಒಂದೇ ಚೂಪು ಗೋಪುರ ಎದ್ದಿತು. ಅದು ಔಷಧಿ ಅಂಗಡಿಯ ಭೇದಿ ಮಾತ್ರೆ. ಪಕ್ಕದಲ್ಲಿದ್ದ ಉಲಿಸೆಸ್ ನಕ್ಕು, “ಯಾವ್ದೋ ಮುದುಕಿ ಒರಳಲ್ಲಿ ಮಾತ್ರೆ ಕುಟ್ಟಿ ಹಾಕಿದಾಳೆ, ಕೈ ಮಾತ್ರ ಧಾರಾಳ” ಎಂದ. ನಾನೂ ನಕ್ಕೆ. ನಗದೆ ಏನು ಮಾಡಲಿ?

ಮಾದರಿ ಕೆಟ್ಟುಹೋಯಿತೆಂದು ಬರೆದುಬಿಡೋಣ ಅನ್ನಿಸಿತು. ಆದರೆ ಭಾನುವಾರ ಮೊದಲು ನಿನ್ನನ್ನೇ ಕೇಳೋಣವೆಂದು ಬಂದೆ. “ಬೇರು ಎಲ್ಲಿದೆ ಕಣೆ? ಗುಡ್ಡ ಎಲ್ಲಾ ಅಗೆದು ಮುಗಿಸಿದಾರೆ. ಹೊಟ್ಟೆ ಹಿಡ್ಕೊಂಡು ಬಂದವ್ರಿಗೆ ಇಲ್ಲ ಅನ್ನಕ್ಕಾಗುತ್ತಾ?” ಎಂದೆ ನೀನು. ನಾನು ಯಂತ್ರದ ಮಾತು ತೆಗೆದದ್ದೇ ತಡ, “ನಿನ್ ಯಂತ್ರಕ್ಕೆ ಹೊಟ್ಟೆ ಇದೆಯಾ? ಹೊಟ್ಟೆ ಇಲ್ಲದ್ದು ಹೊಟ್ಟೆ ವಿಷ್ಯ ಏನು ಹೇಳುತ್ತೆ?” ಎಂದು ನನ್ನನ್ನು ಹೊರಗೆ ಹಾಕಿದೆ.

ಸೋಮವಾರ ನಮ್ಮ ಮುಖ್ಯಸ್ಥ ಪಲಾಸಿಯೋಸ್ ಅವರ ಮುಂದೆ ನಿಂತು, “ಸರ್, ಈ ಚಹಾ ನಮ್ಮಮ್ಮಂದು” ಎಂದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಹಾಗಾದ್ರೆ ವರದಿಗೆ ಉಲಿಸೆಸ್ ರುಜು ಹಾಕ್ಲಿ. ನೀನು ಅಮ್ಮನ ಜೊತೆ ನಿಂತ್ಕೋ” ಎಂದರು.

ಇದ್ದದ್ದು ಇದ್ದ ಹಾಗೇ ವರದಿ ಹೋಗಿದೆ, ಅಮ್ಮ. ಗುರುವಾರ ಆರೋಗ್ಯ ಕಚೇರಿಯವರು ಉಳಿದ ಪೊಟ್ಟಣಗಳನ್ನು ಒಯ್ಯಲು ಬರುತ್ತಾರೆ. ಅವರಿಗೆ ಕುಡಿಯಲು ಏನನ್ನೂ ಕೊಡಬೇಡ. ದಂಡ ಬಿದ್ದರೆ ಇಬ್ಬರೂ ಕಟ್ಟೋಣ. ನಾನು ಬುಧವಾರವೇ ಬರುತ್ತೇನೆ, ನಮ್ಮ ಪ್ರಯೋಗಾಲಯದ ತೋಟದಿಂದ ಬಳ್ಳಿಯ ಗೆಡ್ಡೆಗಳನ್ನೂ ತರುತ್ತೇನೆ. ಹಿತ್ತಲ ಬೇಲಿಗೆ ಹಬ್ಬಿಸೋಣ. ಅದು ಬಲಿಯುವವರೆಗೆ ಕಿತ್ತಳೆ ಎಲೆ, ದಾಲ್ಚಿನ್ನಿ ಮಾತ್ರ ಮಾರು. ಕೇಳಿದವರಿಗೆ ಅಷ್ಟೇ ಇದೆ ಎನ್ನು.

ಬಾಗಿಲು ತೆಗೆಯದಿದ್ದರೆ ಹೊಸಿಲ ಮೇಲೆ ಕೂತಿರುತ್ತೇನೆ. ಬೀದಿಯವರು ನೋಡಲಿ.

ಸಿಟ್ಟಿದ್ದರೂ ನಿನ್ನವಳೇ ಆದ,
ನೀವೆಸ್

ಮರೆತ ಮಾತು: ಯಾರಿಗೂ ಹೇಳಬಾರದೆಂದು ದೋನ್ ಎರಾಸ್ಮೊ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಅವರಿಗೆ ಮಲಬದ್ಧತೆ ಇಲ್ಲ, ಎಂದೂ ಇರಲಿಲ್ಲ. ಅಪ್ಪ ಹೋದ ಮರುವರ್ಷದಿಂದ ಶನಿವಾರ ಶನಿವಾರ ನಿನ್ನ ಹತ್ತಿರ ಕೊಂಡ ಪೊಟ್ಟಣಗಳೆಲ್ಲ ಒಡೆಯದೆ ಅವರ ಬೀರುವಿನಲ್ಲಿವೆಯಂತೆ. ಮದುವೆಯ ದಿನ ನೀನೇ ಕೈಯಾರೆ ಕೊಟ್ಟೆಯಲ್ಲ, ಬೇಡವೆನ್ನಲಾಗದೆ ಕುಡಿದರಂತೆ. ಹಳೆಯವುಗಳಲ್ಲಿ ನಿಜವಾದ ಬೇರು ಇರುತ್ತದೆ, ಪರೀಕ್ಷೆಗೆ ಒಂದೆರಡು ಕೊಡಿ ಎಂದು ಕೇಳಿದೆ. ಮಲಗಿದ್ದವರು ಎದ್ದು ಕೂತು, “ಒಂದೂ ಕೊಡಲ್ಲ” ಎಂದರು.