ಶಾಂಭವಿಯ ತೆಂಗು

೧೪-೯-೧೯೮೩, ಬುಧವಾರ. ಸಿ.ಎಸ್. ಪುರ

ತೋಟದ ಆರು ತೆಂಗಿಗೆ ಕೆಂಪು ಬಣ್ಣ ಬಳಿದು ಹೋಗಿದ್ದಾರೆ. ತುಮಕೂರಿನ ಕಾರ್ಖಾನೆಗೆ ಹೋಗುವ ಕರೆಂಟು ಲೈನಿನ ಕೆಳಗೆ ಮರ ಇರಬಾರದಂತೆ. ಕಡೆಯದು ಮೊಮ್ಮಗಳು ಶಾಂಭವಿಯದು. ಮಗುವನ್ನು ತೊಟ್ಟಿಲಿಗೆ ಹಾಕಿದ ದಿನವೇ ಅದರ ಹೆಸರಿನಲ್ಲಿ ಸಸಿ ನೆಡುವುದು ನಮ್ಮ ಮನೆಯ ಪದ್ಧತಿ.

"ದೇಶ ಮುಂದೆ ಬರ್ಬೇಕಲ್ವಾ ಅಮ್ಮಾ," ಅಂದ ಲೈನಿನ ಸೂಪರ್‌ವೈಸರ್.

"ಬರ್ಲಿ ಕಣಯ್ಯ. ಐದು ವರ್ಷದ ಮಗೀನ ಗಿಡ ತುಳ್ಕೊಂಡೇ ಬರ್ಬೇಕಾ?"

ತಲೆ ತಗ್ಗಿಸಿದ. ಬಣ್ಣ ಅಳಿಸಲಿಲ್ಲ.

ಬಚ್ಚಲ ಹಿಂದೆ ಇನ್ನೊಂದು ಸಸಿ ಬೆಳೆಸುತ್ತಿದ್ದೇನೆ, ಮುಂದೆ ಹುಟ್ಟುವ ಮೊಮ್ಮಗನಿಗೆಂದು. ಸಂಜೆ ಅದಕ್ಕೆ ನೀರು ಹಾಕು ಅಂದರೆ ಸೊಸೆ ವಿಮಲಾಕ್ಷಿ ಚೆಂಬು ಕೆಳಗಿಟ್ಟಳು.

"ಒಂದೇ ಸಾಕು ಅತ್ತೆ. ಯುಗಾದಿಗೆ ತವರಿಗೆ ಹೋದಾಗ್ಲೇ ಆಪರೇಷನ್ ಮಾಡಿಸ್ಕೊಂಡೆ. ನಿಮ್ ಮಗಂಗೂ ಗೊತ್ತು."

ಐದು ತಿಂಗಳು! ನಾನು ದಿನಾ ನೀರೆರೆಯುವುದನ್ನು ಇಬ್ಬರೂ ಸುಮ್ಮನೆ ನೋಡಿದ್ದಾರೆ. ಏಳು ಹೆತ್ತು ಮೂರನ್ನು ಮಣ್ಣಿಗಿಟ್ಟವಳು ನಾನು. ಆ ಮೂವರ ತೆಂಗು ಈಗಲೂ ಕಾಯಿ ಬಿಡುತ್ತಿವೆ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಲೈನಿನವರು ಶುಕ್ರವಾರ ಕಡಿಯಲು ಬರುತ್ತಾರೆ. ಬಚ್ಚಲ ಹಿಂದಿನ ಸಸಿಯನ್ನು ನಾಳೆಯೇ ಬಾವಿಯ ಪಕ್ಕ ಶಾಂಭವಿಯ ಹೆಸರಿನಲ್ಲಿ ನೆಡಿಸುತ್ತೇನೆ. ಗುಂಡಿಯನ್ನು ವಿಮಲಾಕ್ಷಿಯೇ ತೋಡಲಿ. ಅವಳನ್ನು ಮಾತಾಡಿಸುವುದಿಲ್ಲ. ಜಾಗವನ್ನು ಕೈಯಲ್ಲಿ ತೋರಿಸಿದರೆ ಸಾಕು.