ಚೌಕ ದಂಟು

ಆಗಸ್ಟ್ 21, ಬೆಳಿಗ್ಗೆ
ಸೊಸೈಟಿಗೆ ಹಾಲು ಹಾಕಿ, ದನ ಬಿಡಲು ಹಕ್ಕಲಿಗೆ ಹೋದೆ. ಊರ ದನಗಳೆಲ್ಲ ಮೇಯುವ ಜಾಗ. ಅರ್ಧ ಹುಲ್ಲು ಮಾಯ, ಎಲ್ಲೆಲ್ಲೂ ಒಂದೇ ಬಳ್ಳಿ. ಮುಟ್ಟಿದರೆ ಮುದುಡುತ್ತದೆ. 'ಮುಟ್ಟಿದರೆ ಮುನಿ', ಔಷಧಿ ಅಂತ ಯಾರೂ ಕೀಳುವುದಿಲ್ಲ. ದಂಟನ್ನು ಬೆರಳಲ್ಲಿ ಹೊರಳಿಸಿದೆ. ದುಂಡಗಿಲ್ಲ. ನಾಲ್ಕು ಮೂಲೆ. ಮುಳ್ಳೂ ಇಲ್ಲ. ಇದು ಮುಟ್ಟಿದರೆ ಮುನಿ ಅಲ್ಲ. ಪಕ್ಕದ ರಬ್ಬರ್ ತೋಟದವರು ನೆಲ ಮುಚ್ಚಲು ಬಿತ್ತಿದ ಜಾತಿ. ದನಕ್ಕೆ ವಿಷ.

ನೆರೆಮನೆ ಗಿರಿಜಾಗೆ ಹೇಳಿದೆ. "ನಿಮ್ಗ್ ಕಳೆ ಕಂಡ್ರೂ ಒಂದ್ ಪದ್ಯವೇ ಅಕ್ಕಾ" ಅಂತ ನಕ್ಕಳು. ನಾನೂ ನಕ್ಕೆ.

ಹೋದ ವರ್ಷ ಇದರ ಗುಲಾಬಿ ಬಣ್ಣದ ಹೂವಿನ ಮೇಲೆ ನಾಲ್ಕು ಸಾಲು ಬರೆದವಳು ನಾನೇ. ಹಳೇ ಡೈರಿಯ ಆ ಹಾಳೆ ಹರಿದೆ.

ಸೆಪ್ಟೆಂಬರ್ 3
ಪಂಚಾಯತ್ ಮೆಂಬರ್ ಸುಧಾಕರನ ಮನೆಗೆ ಮೂರನೇ ಸಲ. ಹೂ ಬಿಡುವ ಮೊದಲೇ ಬುಡಸಮೇತ ಕೀಳಿಸಿ ಅಂದೆ.
"ಡಿಸೆಂಬರಂಗೆ ಕಾಲೇಜ್ ಮಕ್ಕಳ ಎನ್ನೆಸ್ಸೆಸ್ ಕ್ಯಾಂಪ್ ಇತ್ತ್ ಮೇಡಂ. ಆಗ ಕೊಯ್ಸುವ."
"ಅಷ್ಟೊತ್ತಿಗೆ ಬೀಜ ಆಗಿರುತ್ತೆ!"
"ಆದ್ರೆ ಎಂತ? ಅದ್ ಹಾರಿ ಹೋತ್ತಾ?"
ಸಂಜೆಯವರೆಗೆ ಒಬ್ಬಳೇ ಕಿತ್ತೆ. ಒಂದು ಮೂಲೆಯೂ ಮುಗಿಯಲಿಲ್ಲ.

ಸೆಪ್ಟೆಂಬರ್ 19
ಗಿರಿಜಾಳ ಗಬ್ಬದ ದನ ಸತ್ತಿತು. ಕೊರಳಡಿಯ ಗಂಗೆದೊಗಲು ಊದಿತ್ತು. ನಾಲ್ಕು ದಿನ ಹುಲ್ಲು ಮೂಸಲಿಲ್ಲ. "ಕಿಡ್ನಿ ಹೋಗಿದೆ, ಏನು ತಿಂದಿತ್ತು?" ಅಂದರು ಡಾಕ್ಟರ್. ಗಿರಿಜಾ ನನ್ನ ಮುಖ ನೋಡಿದಳು.
"ನೀವ್ ಬೈದ್ ಹೇಳುದಲ್ದಾ ಅಕ್ಕಾ? ನಗ್ತಾ ಹೇಳಿದ್ರೆ ನಂಗೆಂತ ಗೊತ್ತಾತ್ತ್?"


ಡಿಸೆಂಬರ್ 14
ಕೊಯ್ಯುವ ಯಂತ್ರ ಬಂತು — ಕಾಯಿ ಒಣಗಿ ಸಿಡಿಯುವಾಗ! ಕ್ಯಾಂಪಿನ ಹುಡುಗರು ಕೊಯ್ದರು. ಬ್ಯಾನರ್ ಹಿಡಿದರು. ಫೋಟೋ. ರಾಶಿ ಸುಡಿ ಅಂತ ಕೂಗಿದೆ. ಸುಡ್ತೇವೆ ಅಂದರು.

ಡಿಸೆಂಬರ್ 15, ಮಧ್ಯಾಹ್ನ
ರಾಶಿ ಇಲ್ಲ. ಮುಳ್ಳಿಲ್ಲದ ಸೊಪ್ಪನ್ನು ಈ ಊರಲ್ಲಿ ಯಾರು ಸುಟ್ಟಾರು? ಹೊತ್ತೊಯ್ದು ಹಟ್ಟಿಯಲ್ಲಿ ದನದ ಕಾಲಡಿ ಹಾಸಿದ್ದಾರೆ. ನಾಳೆ ಅದೇ ಗೊಬ್ಬರ. ಬೀಜ ಒಂದೊಂದು ಗದ್ದೆಗೂ…

ಸುಧಾಕರ ಬೈಕ್ ನಿಲ್ಲಿಸಿದ. "ಹ್ವಾಯ್ ಮೇಡಂ, ಈಗ ಖುಷಿಯಲ್ದಾ? ನಿಮ್ಮ ಹಟ್ಟಿಗೂ ಆರ್ ಹೊರೆ ಹಾಕ್ಸಿದ್ದೆ."

ಮನೆಗೆ ಓಡಿದೆ. ಗಿರಿಜಾ ಆಗಲೇ ಬಂದಿದ್ದಳು. ಹಟ್ಟಿಯಿಂದ ಎಲ್ಲ ಬಾಚಿ, ಅಂಗಳಕ್ಕೆಳೆದು ಬೆಂಕಿ ಕೊಟ್ಟಿದ್ದಳು. ಒಂದು ದಂಟನ್ನು ಬೆರಳಲ್ಲಿ ಹೊರಳಿಸಿ ತೋರಿಸಿದಳು. "ನಾಕ್ ಮೂಲೆ. ಗೊತ್ತಾಯ್ತ್."

3 ಗಂಟೆ
ಇನ್ನು ಹದಿಮೂರು ಹಟ್ಟಿ. ಮೊದಲು ಸುಧಾಕರನದ್ದು. ಈ ಸಲ ನಗುವುದಿಲ್ಲ. ಗಿರಿಜಾ ಗೇಟಿನಿಂದ ಕೂಗುತ್ತಿದ್ದಾಳೆ — "ಅಕ್ಕಾ, ಬರಿಯುದ್ ಸಾಕ್! ಬೆಂಕಿಪೆಟ್ಗಿ ನನ್ ಹತ್ರ ಇತ್ತ್. ಬಯ್ಗುಳ ನೀವ್ ತಕಂಡ್ ಬನ್ನಿ!"
ಚಪ್ಪಲಿ ಮೆಟ್ಟಿ ಹೊರಟೆ.