ಆರು ವಾರದ ಪಥ್ಯ

ಕ್ಯಾಲುಮೆಟ್, ಮಿಶಿಗನ್
ಸೋಮವಾರ, ೧೦ ಮಾರ್ಚ್ ೧೯೯೭

ಪ್ರೀತಿಯ ಕೊಲೀನ್,

ಹೇಗಿದ್ದೀಯೆ ಮಗಳೇ? ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುತ್ತದೆಯೋ, ಅಥವಾ ಅಲ್ಲಿಯೂ ಬಿಸಿನೀರಿನ ಬೋಗುಣಿಯಲ್ಲಿ ಅರ್ಧ ಗಂಟೆ ಕೈ ಅದ್ದಿಕೊಂಡೇ ಕೂರಬೇಕೋ? ಗ್ರೀನ್ ಬೇಯಲ್ಲಿ ನಿಮ್ಮಕ್ಕನ ಮನೆಗೆ ಮೆಟ್ಟಿಲಿಲ್ಲವಂತೆ, ನಿನ್ನ ಮೊಣಕಾಲಿಗೆ ಅಷ್ಟಾದರೂ ಸುಖ. ನಾನು ಚೆನ್ನಾಗಿದ್ದೇನೆ, ಎಪ್ಪತ್ತೆರಡಕ್ಕೆ ಎಷ್ಟು ಚೆನ್ನಾಗಿರಬಹುದೋ ಅಷ್ಟು. ನಿನ್ನ ಗಂಡ ವೇಯ್ನ್ ಹೋದ ವಾರ ಎರಡು ಸಲ ಸೂರು ಹತ್ತಿ ಹಿಮ ಎಳೆದು ಹಾಕಿದ. ಶನಿವಾರ ಸೌನಾ ಹಬೆಮನೆಯ ಕಲ್ಲು ಕಾಯಿಸಿ ಹಬೆ ಎಬ್ಬಿಸಿದೆವು. ಮೇಲಿನ ಹಲಗೆಯ ಮೂಲೆಯಲ್ಲಿ ಕೂತು ನೀನು, "ಅತ್ತೆ, ಈಗ ನೋಡಿ, ಕೈ ನಂದು ಅನ್ನಿಸ್ತಿದೆ" ಅನ್ನುತ್ತಿದ್ದೆಯಲ್ಲ, ಆ ಜಾಗದಲ್ಲಿ ವೇಯ್ನ್ ಕೂರಲಿಲ್ಲ, ನಾನೂ ಕೂರಲಿಲ್ಲ.

ಈಗ ಮಗ್ಗದ ವಿಷಯ. "ಮಾರ್ಬಿಡಿ, ಇನ್ನು ನನ್ನ ಕೈಲಿ ಆಗಲ್ಲ" ಎಂದು ನೀನು ವೇಯ್ನ್‌ಗೆ ಫೋನಿನಲ್ಲಿ ಹೇಳಿದೆಯಂತೆ. ಬರುವ ಶನಿವಾರ ಹ್ಯಾನ್‌ಕಾಕ್‌ನಿಂದ ಯಾರೋ ಒಬ್ಬಳು ನೋಡಲು ಬರುವವಳಿದ್ದಾಳೆ. ಅದರ ಮೇಲೆ ನಿನ್ನ ಚಿಂದಿ ಜಮಖಾನ ಅರ್ಧಕ್ಕೇ ನಿಂತಿದೆ, ನಿಮ್ಮ ಮಾವನ ಹಳೆಯ ಅಂಗಿಗಳನ್ನು ಹರಿದು ನೇಯುತ್ತಿದ್ದೆಯಲ್ಲ, ಅದೇ. ವೇಯ್ನ್ ಅದನ್ನು ಕತ್ತರಿಸಿ ತೆಗೆಯಲು ಕತ್ತರಿ ಹಿಡಿದು ಹೋದವನು ಹಾಗೇ ವಾಪಸು ಬಂದ. ಮಗ್ಗ ಹೋದರೆ ನೀನು ಈ ಮನೆಗೆ ಬರುವುದು ಬರೀ ಬಟ್ಟೆಬರೆ ಒಯ್ಯುವುದಕ್ಕೇ ಎಂದು ನನಗೆ ಗೊತ್ತು, ಅವನಿಗೂ ಗೊತ್ತು.

ನಿನಗೊಂದು ಮಾತು ಹೇಳುವುದಿದೆ. ಮೂರು ದಿನದಿಂದ ಬರೆಯಲು ಕೂರುತ್ತೇನೆ, ಧೈರ್ಯ ಸಾಲದೆ ಏಳುತ್ತೇನೆ. ಸುತ್ತಿ ಬಳಸಿ ಹೇಳುತ್ತಿದ್ದೇನೆ, ಸ್ವಲ್ಪ ತಾಳು. ಡಾಕ್ಟರು ನಿನಗೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. "ಮಾತ್ರೆ ಬಿಡಬೇಡಿ. ಅದರ ಜೊತೆಗೆ ಆರು ವಾರ ಗೋಧಿ ಮುಟ್ಟಬೇಡಿ. ಕೆಲವರಿಗೆ ನೋವು ತಗ್ಗುತ್ತೆ, ಕೆಲವರಿಗೆ ಇಲ್ಲ, ಮಾಡಿ ನೋಡಿದ್ರೇ ಗೊತ್ತಾಗೋದು" ಅಂದಿದ್ದರು. ನೀನು ಅವರು ಕೊಟ್ಟ ಪಥ್ಯದ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಗೋಧಿ ಬೇಡ ಅಂದರೆ ನನ್ನ ಏಲಕ್ಕಿ ಬ್ರೆಡ್ಡು ಬೇಡ, ಮಾಂಸದ ಕಡುಬು ಬೇಡ. ಅಂದರೆ ಈ ಅತ್ತೆ ಹಿಲ್ಮಾಳೇ ಬೇಡ ಎಂದು ನಾನು ಅರ್ಥ ಮಾಡಿಕೊಂಡೆ. ಆ ವಾರದ ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಮಾರಾಟದ ಕಡುಬಿಗೆ ಹಿಟ್ಟು ಲಟ್ಟಿಸುವಾಗ ಪಕ್ಕದ ಮನೆ ಇಂಪಿ ಬೇರೆ ಎಲ್ಲರೆದುರು, "ಏನೇ ಹಿಲ್ಮಾ, ನಿನ್ನ ಕೈರುಚಿ ಸೊಸೆಗೆ ವಿಷ ಆಯ್ತಂತೆ?" ಎಂದು ಒಗ್ಗರಣೆ ಹಾಕಿದಳು. ಆ ಸಿಟ್ಟನ್ನು ಮನೆಗೆ ತಂದು ನಿನ್ನ ಮೇಲೆ ಕಾರಿಕೊಂಡೆ. "ಅಲ್ಲಮ್ಮಾ, ನೋವಿರೋದು ಮೂಳೇಲೋ, ತಟ್ಟೇಲೋ?" ಅಂದೆ. ವೇಯ್ನ್ ನಕ್ಕ. ನೀನೂ ನಕ್ಕು ತಲೆ ತಗ್ಗಿಸಿದೆ.

ಆದರೂ ನೀನು ಮಾಡಿದೆ, ಮಹರಾಯಿತಿ, ವ್ರತ ಹಿಡಿದವಳ ಹಾಗೆ! ಇಂಪಿಯ ಮೊಮ್ಮಗಳ ಮದುವೆಯಲ್ಲಿ ಬರೀ ಬೇಯಿಸಿದ ಆಲೂಗಡ್ಡೆ ತಿಂದು ಎದ್ದೆ. ಕ್ರಿಸ್‌ಮಸ್ಸಿಗೆ ನಾನು ಬ್ರೆಡ್ಡು ಬೇಯಿಸಿದಾಗ ಆ ವಾಸನೆ ತಡೆಯಲಾರದೆ, ಮೊಣಕಾಲು ನೋಯುತ್ತಿದ್ದರೂ ಮಹಡಿಗೆ ಹತ್ತಿ ಹೋದೆ. ಕೈಯಲ್ಲಿ ಚಾಕು ಹಿಡಿಯಲಾಗದೆ ಅಡುಗೆಯೆಲ್ಲ ನನಗೇ ಬಿಟ್ಟಿದ್ದೆ. ನಿನಗೆಂದೇ ಬೇರೆ ಪಾತ್ರೆಯಲ್ಲಿ ಮೀನಿನ ಸೂಪು, ಬಟಾಣಿ ಸೂಪು ಮಾಡಿಕೊಡುತ್ತಿದ್ದೆ. ಆರು ವಾರ ಮುಗಿಯಿತು, ನೋವು ಒಂದು ಕೂದಲೆಳೆಯಷ್ಟೂ ತಗ್ಗಲಿಲ್ಲ. "ಹಾಗಾದ್ರೆ ನಿಮ್ಮ ನೋವಿಗೂ ಗೋಧಿಗೂ ಸಂಬಂಧ ಇಲ್ಲ" ಎಂದು ಡಾಕ್ಟರು ಕಡತ ಮುಚ್ಚಿದರು. ನೀನು ಮನೆಗೆ ಬಂದು, ಕೋಟು ಕೂಡ ಬಿಚ್ಚದೆ, ನಿಂತೇ ನನ್ನ ಬ್ರೆಡ್ಡಿನ ಒಂದು ತುಂಡು ತಿಂದು, "ನೀವೇ ಗೆದ್ರಿ ಅತ್ತೆ" ಅಂದೆ. ನಾನು ಇನ್ನೊಂದು ತುಂಡಿಗೆ ಬೆಣ್ಣೆ ಸವರಿ ಕೊಟ್ಟೆ. ಅಯ್ಯೋ, ಆಗಲಾದರೂ ಬಾಯಿ ಬಿಡಬಾರದಿತ್ತೇ ನಾನು? ಆಮೇಲೆ ನೀನು ಮಗ್ಗದ ಕೋಣೆಗೆ ಹೋಗಲೇ ಇಲ್ಲ. ಫೆಬ್ರವರಿಯಲ್ಲಿ ಹೊರಟೇಬಿಟ್ಟೆ.

ನಿಮ್ಮಕ್ಕನಿಗೂ ಮಕ್ಕಳಿಗೂ ನನ್ನ ನೆನಪು ಹೇಳು. ಇಂಪಿ ದಿನಾ ನಿನ್ನ ವಿಚಾರಿಸುತ್ತಾಳೆ, ಅವಳಿಗೂ ಈಗ ಮುಖ ಸಣ್ಣದಾಗಿದೆ. ದೇವರು ನಿನ್ನ ಬೆರಳುಗಳಿಗೆ ಬಲ ಕೊಡಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅತ್ತೆ,
ಹಿಲ್ಮಾ

ಮತ್ತೊಂದು ವಿಷಯ: ಅಂಟಿಸಿದ ಲಕೋಟೆ ಕಿತ್ತು ಬರೆಯುತ್ತಿದ್ದೇನೆ. ಅಂಚೆಗೆ ಹೊತ್ತಾಯಿತೆಂದು ವೇಯ್ನ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಕೊಲೀನ್, ಆ ಆರು ವಾರವೂ ನಿನ್ನ ಸೂಪಿಗೆ ನಾನು ಗೋಧಿ ಹಿಟ್ಟು ಹಾಕಿದೆ. ದಿನಾ ಎರಡು ಚಮಚ, ಬೆಣ್ಣೆಯಲ್ಲಿ ಹುರಿದು. ಸೊರಗಿದ್ದೀಯೆ, ಒಂದಿಷ್ಟು ಕಸುವು ಬರಲಿ ಎಂದು ಮೊದಲು ಹಾಕಿದೆ. ಆಮೇಲೆ ಹಾಕಿದ್ದು ನಾನೇ ಸರಿ ಎಂದು ತೋರಿಸಲಿಕ್ಕೆ. "ಎಷ್ಟು ಚೆನ್ನಾಗಿ ಮಂದ ಬಂದಿದೆ, ಏನ್ ಹಾಕಿದ್ರಿ ಅತ್ತೆ?" ಎಂದು ನೀನು ಕೇಳಿದಾಗ "ಆಲೂಗಡ್ಡೆ ಅರೆದು ಹಾಕ್ದೆ ಕಣೇ" ಎಂದು ಸುಳ್ಳು ಹೇಳಿದೆ. ಪಥ್ಯ ಸೋತಿಲ್ಲ ಮಗಳೇ, ನೀನದನ್ನು ಮಾಡಿಯೇ ಇಲ್ಲ. ಅದರಿಂದ ನೋವು ತಗ್ಗೀತೋ ಇಲ್ಲವೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗದ ಹಾಗೆ ಮಾಡಿದವಳು ನಾನು. ಈ ಕಾಗದವನ್ನು ಅಲ್ಲಿಯ ಡಾಕ್ಟರಿಗೆ ತೋರಿಸು. ಹ್ಯಾನ್‌ಕಾಕ್‌ನವಳಿಗೆ ಬರಬೇಡ ಎಂದು ಫೋನ್ ಮಾಡಿದ್ದೇನೆ. ವೇಯ್ನ್‌ಗೆ ಈಗ ಕಾರಿನಲ್ಲಿ ಹೇಳುತ್ತೇನೆ. ಮತ್ತೆ ಆರು ವಾರ ಮಾಡು, ಅಕ್ಕನ ಮನೆಯಲ್ಲೇ ಮಾಡು. ಇಲ್ಲಿಗೆ ಬಂದು ಮಾಡುವ ಮನಸ್ಸಾದರೆ ಒಲೆ ನಿನ್ನದು, ನಾನು ಕೊಟ್ಟರೆ ನೀರನ್ನೂ ಕುಡಿಯಬೇಡ.